ಸ್ಕ್ಯಾನ್‌ನಲ್ಲಿದ್ದ ಗಡ್ಡೆ ಮಾಯವಾಯಿತು: ಪವಾಡ ಅನ್ನಲೇ, ಮಾತ್ರೆ ನಿಲ್ಲಿಸಲೇ?

ಪ್ರಶ್ನೆ: ನಾನು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್. ನಮ್ಮದು ಕ್ರೈಸ್ತ ಕುಟುಂಬ. ನನ್ನ ಮಗನಿಗೆ ಒಂಬತ್ತು ವರ್ಷ. ಏಳು ತಿಂಗಳ ಹಿಂದೆ ಬೆಳಗಿನ ಜಾವ ಅವನಿಗೆ ಫಿಟ್ಸ್ ಬಂತು. ಬಲಗೈ ಎಳೆಯಿತು, ಬಾಯಿ ಒಂದು ಕಡೆಗೆ ಹೋಯಿತು. ದಾವಣಗೆರೆಗೆ ತಂದೆವು. ಸ್ಕ್ಯಾನ್ ರಿಪೋರ್ಟ್‌ನಲ್ಲಿ ‘ರಿಂಗ್ ಎನ್‌ಹ್ಯಾನ್ಸಿಂಗ್ ಲೀಷನ್, 12 ಮಿ.ಮೀ.’ ಎಂದಿತ್ತು. ‘ಮೆದುಳಲ್ಲಿ ಗಡ್ಡೆ ಇದೆ’ ಅಂದರು. ಆ ರಾತ್ರಿ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಫಿಟ್ಸ್ ಮಾತ್ರೆ, ಜೊತೆಗೆ ಕೆಲವು ದಿನ ಹುಳದ ಮಾತ್ರೆ ಕೊಟ್ಟರು. ಅದೇ ವಾರ ಅತ್ತೆ ಅವನನ್ನು ಸ್ವಸ್ಥತಾ ಕೂಟಕ್ಕೆ ಕರೆದುಕೊಂಡು ಹೋದರು. ಪಾಸ್ಟರ್ ಎಣ್ಣೆ ಹಚ್ಚಿ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಹೋದ ತಿಂಗಳು ಮತ್ತೆ ಸ್ಕ್ಯಾನ್ ಮಾಡಿಸಿದರೆ ಗಡ್ಡೆ ಇಲ್ಲವೇ ಇಲ್ಲ! ಬರುವ ಭಾನುವಾರ ನಾನು ಸಭೆಯಲ್ಲಿ ಎಲ್ಲರೆದುರು ‘ದೇವರು ವಾಸಿ ಮಾಡಿದ’ ಎಂದು ಸಾಕ್ಷಿ ಹೇಳಬೇಕಂತೆ. ‘ಇನ್ನೂ ಮಾತ್ರೆ ಕೊಡೋದು ಅಪನಂಬಿಕೆ’ ಅಂತಾರೆ ಅತ್ತೆ. ಎಂಬಿಬಿಎಸ್ ಓದುತ್ತಿರುವ ಮೈದುನ ನಗುತ್ತಾನೆ: ‘ಅದು ತಾನಾಗೇ ಹೋಗ್ತಿತ್ತು ಅತ್ತಿಗೆ. ಪೌಲನಿಗೆ ದಮಸ್ಕದ ದಾರೀಲಿ ಬಂದಿದ್ದೂ ಫಿಟ್ಸೇ. ಯೇಸು ಶಿಲುಬೆ ಮೇಲೆ ಸತ್ತೇ ಇರಲಿಲ್ಲ, ಮೂರ್ಛೆ ಹೋಗಿದ್ದ ಅಷ್ಟೇ.’ ಯಾರ ಮಾತು ನಂಬಲಿ ಡಾಕ್ಟರೇ?

ಉತ್ತರ:

ಮೊದಲು ಮಾತ್ರೆಯ ವಿಷಯ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಲ್ಲಿಸಬೇಡಿ. ನೀವಾಗಿ ಅರ್ಧ ಮಾಡಲೂ ಬೇಡಿ. ‘ಭಾನುವಾರ ಸಾಕ್ಷಿ ಇದೆ, ಅಲ್ಲಿಯವರೆಗೆ ಬಿಡೋಣ’ ಅಂತಲೂ ಬೇಡ. ಫಿಟ್ಸ್ ಮಾತ್ರೆ ಕೊಟ್ಟಿದ್ದು ಗಡ್ಡೆ ಕರಗಿಸಲು ಅಲ್ಲ. ಗಡ್ಡೆಯ ಸುತ್ತಲಿನ ಮೆದುಳು ಕೆರಳಿರುತ್ತದೆ, ಅದನ್ನು ಸುಮ್ಮನಿರಿಸಲು. ಗಡ್ಡೆ ಹೋದ ಮೇಲೂ ಆ ಜಾಗ ಕೆಲವು ಕಾಲ ಕೆರಳಿಕೊಂಡೇ ಇರಬಹುದು. ಮಾತ್ರೆಯನ್ನು ದಿಢೀರನೆ ಕಿತ್ತುಕೊಂಡರೆ ಒಂದರ ಹಿಂದೆ ಒಂದು ಫಿಟ್ಸ್ ಬರುವ ಅಪಾಯ ಇದೆ.

ಒಂದು ಕಥೆ ಹೇಳುತ್ತೇನೆ, ಹೆದರಿಸಲು ಅಲ್ಲ. ಸುಮಾರು ವರ್ಷಗಳ ಹಿಂದೆ ಜಗಳೂರು ಕಡೆಯಿಂದ ಒಬ್ಬ ಪಿಯುಸಿ ಹುಡುಗಿಯನ್ನು ರಾತ್ರಿ ಹನ್ನೊಂದಕ್ಕೆ ಗೂಡ್ಸ್ ಆಟೋದಲ್ಲಿ ತಂದರು. ನಾಲ್ಕು ವರ್ಷದಿಂದ ಅವಳಿಗೆ ಒಂದೂ ಫಿಟ್ಸ್ ಇರಲಿಲ್ಲ. ಒಂದು ಕೂಟದಲ್ಲಿ ಯಾರೋ ‘ನಿನಗೆ ವಾಸಿಯಾಗಿದೆ, ಮಾತ್ರೆ ಬಿಸಾಕು’ ಎಂದಿದ್ದರು. ಬಿಸಾಕಿದಳು. ಮೂರನೇ ದಿನ ಶುರುವಾಗಿದ್ದು ನಿಲ್ಲಲಿಲ್ಲ. ಒಂದು ವಾರ ಐಸಿಯುನಲ್ಲಿದ್ದಳು. ಬದುಕಿದಳು. ಆದರೆ ಮೊದಲಿನ ಚುರುಕು ಬರಲಿಲ್ಲ. ಅದೇ ವರ್ಷ ಇನ್ನೊಬ್ಬ ಹುಡುಗ ನಾಟಿ ಔಷಧಿ ನೆಚ್ಚಿಕೊಂಡು ಮಾತ್ರೆ ಬಿಟ್ಟು ಅದೇ ಸ್ಥಿತಿಯಲ್ಲಿ ಬಂದ. ಅವರದು ಕ್ರೈಸ್ತ ಮನೆಯಲ್ಲ. ಹಾಗಾಗಿ ಇದನ್ನು ಬರೀ ನಮ್ಮವರ ತಪ್ಪು ಅಂದುಕೊಳ್ಳಬೇಡಿ.

ನಮ್ಮವರ ಅಂದೆ. ನಾನೂ ಕ್ರೈಸ್ತನೇ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು.

ಈಗ ಆ ಗಡ್ಡೆ. ಆ ಪದವೇ ಅರ್ಧ ಅನಾಹುತ ಮಾಡಿದೆ. ‘ಮೆದುಳಲ್ಲಿ ಗಡ್ಡೆ’ ಅಂದ ಕೂಡಲೇ ಮನೆಮಂದಿ ಕೇಳಿಸಿಕೊಳ್ಳುವುದು ಕ್ಯಾನ್ಸರ್ ಎಂದೇ. ರಿಪೋರ್ಟ್‌ನಲ್ಲಿ ಇರೋದು ಬೇರೆ. ಬಣ್ಣದ ಇಂಜೆಕ್ಷನ್ ಕೊಟ್ಟು ಸ್ಕ್ಯಾನ್ ತೆಗೆದಾಗ ಬೆಳ್ಳಗೆ ಉಂಗುರದ ಹಾಗೆ ಹೊಳೆಯುವ ಒಂದು ಚಿಕ್ಕ ಗಂಟು. ಫಿಲ್ಮನ್ನು ಬೆಳಕಿಗೆ ಹಿಡಿದರೆ ಅವರೆಕಾಳಿನಷ್ಟು ದೊಡ್ಡದು, ಸುತ್ತ ಬೂದುಬಣ್ಣದ ಊತ. ನಮ್ಮ ಕಡೆಯ ಮಕ್ಕಳಲ್ಲಿ ಹೊಸದಾಗಿ ಫಿಟ್ಸ್ ಬಂದು ಇಂಥ ಒಂದೇ ಒಂದು ಸಣ್ಣ ಉಂಗುರ ಕಂಡರೆ, ಬಹಳಷ್ಟು ಸಲ ಅದು ಲಾಡಿಹುಳದ ಮರಿ ಸತ್ತ ಜಾಗ.

‘ನಾವು ಹಂದಿ ಮಾಂಸ ಮುಟ್ಟೋದೇ ಇಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಶುದ್ಧ ಸಸ್ಯಾಹಾರಿ ಲಿಂಗಾಯತರ ಮನೆ ಮಕ್ಕಳಲ್ಲೂ ನಾನು ಇದನ್ನು ನೋಡುತ್ತಲೇ ಇರುತ್ತೇನೆ. ಸರಿಯಾಗಿ ಬೇಯದ ಹಂದಿ ಮಾಂಸ ತಿಂದವರ ಹೊಟ್ಟೆಯಲ್ಲಿ ಉದ್ದನೆಯ ಹುಳ ಬೆಳೆಯುತ್ತದೆ. ಅವರ ಮಲದಲ್ಲಿ ಅದರ ಮೊಟ್ಟೆ ಹೊರಬರುತ್ತದೆ. ಬಯಲಿಗೆ ಹೋದರೆ ಆ ಮೊಟ್ಟೆ ಮಣ್ಣಿಗೆ, ನೀರಿಗೆ, ಅಲ್ಲಿಂದ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗೆ. ಸರಿಯಾಗಿ ಕೈ ತೊಳೆಯದವರು ಮಾಡಿದ ಅಡುಗೆಯಲ್ಲೂ ಬರಬಹುದು. ಮೊಟ್ಟೆ ನುಂಗಿದವರ ದೇಹದಲ್ಲಿ ಮರಿ ರಕ್ತದ ಜೊತೆ ಹೋಗಿ ಮೆದುಳಲ್ಲಿ ಕೂರುತ್ತದೆ. ಬದುಕಿರುವಷ್ಟು ಕಾಲ ಅದು ತಂಟೆ ಮಾಡುವುದು ಕಡಿಮೆ. ಸಾಯುವಾಗ ನಮ್ಮ ದೇಹ ಅದನ್ನು ಗುರುತು ಹಿಡಿದು ಮುತ್ತಿಗೆ ಹಾಕುತ್ತದೆ. ಆ ಮುತ್ತಿಗೆಯೇ ಉಂಗುರ, ಆ ಊತವೇ ಫಿಟ್ಸ್‌ಗೆ ಕಾರಣ. ಆಮೇಲೆ ದೇಹ ಅದನ್ನು ನಿಧಾನವಾಗಿ ತೊಳೆದು ಹಾಕುತ್ತದೆ. ಕೆಲವರಲ್ಲಿ ಮೂರು ತಿಂಗಳು, ಕೆಲವರಲ್ಲಿ ಒಂದು ವರ್ಷ. ಹುಳದ ಮಾತ್ರೆ ಅದಕ್ಕೆ ಸ್ವಲ್ಪ ಕೈ ಜೋಡಿಸುತ್ತದೆ. ಮಾತ್ರೆ ಕೊಡದೆಯೂ ಮಾಯವಾಗುವುದುಂಟು.

ಅಂದರೆ, ನಿಮ್ಮ ಮಗನ ಮಟ್ಟಿಗೆ ಮೈದುನ ಹೇಳಿದ್ದು ಸರಿ. ಇದನ್ನು ಮುಚ್ಚುಮರೆ ಮಾಡುವುದಿಲ್ಲ.

ಆದರೆ ಈ ವಿಷಯ ನಮಗೆ ಗೊತ್ತಾಗಿದ್ದು ಹೇಗೆ ಅನ್ನೋದನ್ನು ಅವನು ನಿಮಗೆ ಹೇಳಿರಲಿಕ್ಕಿಲ್ಲ. 1980ರ ದಶಕದಲ್ಲಿ ಸಿಟಿ ಸ್ಕ್ಯಾನ್ ನಮ್ಮ ದೇಶದಲ್ಲಿ ಬಳಕೆಗೆ ಹರಡಿದ ಮೇಲೆ ಈ ಉಂಗುರಗಳು ಸಿಕ್ಕಾಪಟ್ಟೆ ಕಾಣತೊಡಗಿದವು. ಬಹಳ ಡಾಕ್ಟರುಗಳು ಇದನ್ನು ಕ್ಷಯದ ಗಂಟು ಅಂದುಕೊಂಡು ತಿಂಗಳುಗಟ್ಟಲೆ ಟಿಬಿ ಔಷಧಿ ಕೊಡುತ್ತಿದ್ದರು. ಗಂಟು ಹೋದರೆ ಔಷಧಿಗೆ ಹೆಸರು. ಔಷಧಿ ತಗೊಳ್ಳದವರಲ್ಲೂ ಅದು ಮಾಯವಾಗುತ್ತಿದ್ದುದು ಒಗಟಾಗಿತ್ತು. ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದರಲ್ಲಿ ಹೆಚ್ಚಿನವು ಲಾಡಿಹುಳದ್ದು ಎಂದು ತೋರಿಸಿಕೊಟ್ಟವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ವಿ. ರಾಜಶೇಖರ್, ಡಾ. ಮ್ಯಾಥ್ಯೂ ಚಾಂಡಿ ಮತ್ತವರ ತಂಡ. ಯಾವ ಗಂಟನ್ನು ಆಪರೇಷನ್ ಇಲ್ಲದೆ, ಟಿಬಿ ಔಷಧಿ ಇಲ್ಲದೆ ಕಾದು ನೋಡಬಹುದು ಎಂಬ ಲಕ್ಷಣಗಳನ್ನೂ ಅವರೇ ಪಟ್ಟಿ ಮಾಡಿದರು: ಒಂದೇ ಗಂಟು, 20 ಮಿ.ಮೀ. ಒಳಗೆ, ತಲೆಯಲ್ಲಿ ಒತ್ತಡ ಏರಿಲ್ಲ, ಕೈಕಾಲಿನ ಬಲ ದಿನದಿನಕ್ಕೆ ಕುಗ್ಗುತ್ತಿಲ್ಲ, ದೇಹದಲ್ಲಿ ಬೇರೆಲ್ಲೂ ಟಿಬಿ ಇಲ್ಲ. ಇವತ್ತು ದಾವಣಗೆರೆಯಲ್ಲಿ ಕೂತು ನಾನು ತಂದೆ ತಾಯಿಗೆ ‘ತಲೆ ಕೆಡಿಸಿಕೊಳ್ಳಬೇಡಿ, ಇದು ಹೋಗುತ್ತೆ’ ಅನ್ನುವ ಧೈರ್ಯ ಬಂದಿದ್ದು ಆ ಕೆಲಸದಿಂದ.

ಆ ಆಸ್ಪತ್ರೆಯನ್ನು 1900ರಲ್ಲಿ ಒಂದೇ ಹಾಸಿಗೆಯಿಂದ ಶುರು ಮಾಡಿದವರು ಐಡಾ ಸ್ಕಡರ್ ಎಂಬ ಮಿಷನರಿ ಡಾಕ್ಟರ್. ಇದು ನನಗೆ ಯಾವಾಗಲೂ ಇಷ್ಟವಾಗುವ ಸಂಗತಿ. ಕ್ರೈಸ್ತರ ಆಸ್ಪತ್ರೆಯೇ ‘ಗಡ್ಡೆ ಯಾಕೆ ತಾನಾಗಿ ಮಾಯವಾಗುತ್ತದೆ’ ಎಂಬ ಒಗಟು ಬಿಡಿಸಿ, ಸಾವಿರಾರು ಪವಾಡದ ಸಾಕ್ಷಿಗಳಿಗೆ ಕತ್ತರಿ ಹಾಕಿತು. ಜೊತೆಗೆ ಸಾವಿರಾರು ಮಕ್ಕಳನ್ನು ಬೇಡದ ಟಿಬಿ ಔಷಧಿಯಿಂದ ಉಳಿಸಿತು. ಅವರಲ್ಲಿ ಯಾರಿಗೂ ಇದು ದೇವರ ವಿರುದ್ಧದ ಕೆಲಸ ಅನ್ನಿಸಿದ ಹಾಗಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಸುಳ್ಳು ಪವಾಡಗಳಿಗೆ ಬೀಜ ಹಾಕುವವರು ಎಷ್ಟೋ ಸಲ ನಾವು ಡಾಕ್ಟರುಗಳೇ. ಅವಸರದಲ್ಲಿ ‘ಗಡ್ಡೆ’ ಎನ್ನುತ್ತೇವೆ, ‘ಕೈ ಮೀರಿದೆ’ ಎನ್ನುತ್ತೇವೆ, ‘ನಡೆಯೋದೇ ಇಲ್ಲ’ ಎನ್ನುತ್ತೇವೆ. ರೋಗಿ ನಡೆದುಬಿಟ್ಟರೆ ಅದು ನಮ್ಮ ತಪ್ಪು ಅಂತ ಯಾರಿಗೂ ಹೊಳೆಯುವುದಿಲ್ಲ. ನಾನೇ ಒಬ್ಬ ಹೆಂಗಸಿನ ಮನೆಯವರಿಗೆ ‘ಇನ್ನು ಕಾಲಿನ ಆಸೆ ಬಿಡಿ’ ಎಂದಿದ್ದೆ. ಅವರ ತೊಂದರೆ ನರ ಸತ್ತಿದ್ದಲ್ಲ, ಮನಸ್ಸು ಮತ್ತು ಮೆದುಳಿನ ನಡುವಿನ ಸಂಪರ್ಕ ಕೆಟ್ಟಿದ್ದು. ನಾಟಕವಲ್ಲ ಅದು, ನಿಜವಾದ ಕಾಯಿಲೆ. ಬೇಕೆಂದರೂ ಕಾಲು ಏಳುವುದಿಲ್ಲ. ಇಂಥವರು ಗಾಢ ನಂಬಿಕೆಯ ಒಂದು ಗಳಿಗೆಯಲ್ಲಿ ದಿಢೀರನೆ ಎದ್ದು ನಿಲ್ಲಬಹುದು. ಆಕೆ ನಿಂತಿದ್ದು ಒಂದು ಜಾತ್ರೆಯಲ್ಲಿ, ತೇರು ಎಳೆಯುವಾಗ. ವಾಪಸ್ ನಡೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದು ಕಾಯಿ, ಬಾಳೆಹಣ್ಣು ಕೊಟ್ಟು ಹೋದರು. ನನ್ನ ಮುಖ ನೋಡಬೇಕಿತ್ತು.

ಈಗ ಮೈದುನನ ಉಳಿದ ಎರಡು ಮಾತು. ಇಲ್ಲಿ ನಾನು ಅವನ ಜೊತೆ ಇಲ್ಲ.

ಯೇಸುವಿನ ಸಂದೇಶ ಸಾರಿದ ಮೊದಲಿಗರಲ್ಲೊಬ್ಬನಾದ ಪೌಲನಿಗೆ ಫಿಟ್ಸ್ ಇತ್ತು ಅನ್ನೋದು ಅವನು ಸುಮ್ನೆ ಹುಟ್ಟಿಸಿದ್ದಲ್ಲ. 1987ರಲ್ಲಿ ಲ್ಯಾಂಡ್ಸ್‌ಬರೋ ಎಂಬ ಡಾಕ್ಟರ್ ನರರೋಗದ ಒಂದು ದೊಡ್ಡ ಪತ್ರಿಕೆಯಲ್ಲಿ ಇದೇ ವಾದ ಮಂಡಿಸಿದ್ದರು. ದಮಸ್ಕದ ದಾರಿಯಲ್ಲಿ ಪೌಲನಿಗೆ ಬೆಳಕು ಕಂಡಿತು, ನೆಲಕ್ಕೆ ಬಿದ್ದ, ದನಿ ಕೇಳಿತು, ಕಣ್ಣು ಹೋಯಿತು. ಕಿವಿಯ ಮೇಲ್ಗಡೆ ಇರುವ ಮೆದುಳಿನ ಭಾಗದಿಂದ ಏಳುವ ಫಿಟ್ಸ್‌ನಲ್ಲಿ ಇಂಥ ಅನುಭವ ಆಗುವುದುಂಟು, ನಿಜ. ಆದರೆ ನಾನು ದಿನಾ ನೋಡುವ ಫಿಟ್ಸ್ ಹೀಗಿಲ್ಲ. ಆ ಅನುಭವ ಕೆಲವು ಸೆಕೆಂಡು, ಜಾಸ್ತಿ ಅಂದರೆ ಒಂದೆರಡು ನಿಮಿಷ. ಕೇಳುವ ದನಿ ಸಾಮಾನ್ಯವಾಗಿ ತುಂಡುತುಂಡು, ಪ್ರಶ್ನೆಗೆ ಉತ್ತರ ಕೊಡುವ ಮಾತುಕತೆ ಅಲ್ಲ. ಫಿಟ್ಸ್ ಆದ ಮೇಲೆ ಮೂರು ದಿನ ಕಣ್ಣು ಕಾಣದಿರುವುದು ಬಹಳ ಅಪರೂಪ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿ ಈ ಘಟನೆ ಮೂರು ಕಡೆ ಬರುತ್ತದೆ, 9, 22 ಮತ್ತು 26ನೇ ಅಧ್ಯಾಯದಲ್ಲಿ. ಜೊತೆಗಿದ್ದವರಿಗೆ ಏನು ಕೇಳಿಸಿತು, ಏನು ಕಾಣಿಸಿತು ಅನ್ನುವುದರಲ್ಲಿ ಮೂರೂ ಒಂದೇ ಥರ ಇಲ್ಲ. ಆದರೆ ಅವರಿಗೂ ಏನೋ ಆಯಿತು ಅನ್ನುವುದು ಮೂರರಲ್ಲೂ ಇದೆ. ಒಬ್ಬನ ಫಿಟ್ಸ್ ಪಕ್ಕದವನಿಗೆ ಕಾಣುವುದಿಲ್ಲವಲ್ಲ, ಕಾಣುವುದು ಅವನು ಒದ್ದಾಡುವುದು ಮಾತ್ರ.

ಹಾಗಂತ ‘ಫಿಟ್ಸ್ ಅಲ್ಲವೇ ಅಲ್ಲ’ ಎಂದೂ ನಾನು ಬರೆದುಕೊಡಲಾರೆ. ನನ್ನ ಕ್ಲಿನಿಕ್ಕಿಗೆ ಬರುವವರಿಗೆ ನಾನು ಹೇಳುವ ಮೊದಲ ಮಾತು, ‘ಮುಂದಿನ ಸಲ ಬಂದಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿ.’ ಎದುರಿಗೆ ಕೂತ ರೋಗಿಯಲ್ಲೇ ಇದು ಫಿಟ್ಸೋ, ಬರೀ ತಲೆಸುತ್ತೋ ಅಂತ ಹೇಳಲು ವಿಡಿಯೋ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಎರಡು ಮೂರು ಭೇಟಿ ಬೇಕು. ಎರಡು ಸಾವಿರ ವರ್ಷದ ಹಿಂದಿನವನಿಗೆ ಕೆಲವು ಸಾಲು ಓದಿ ರೋಗ ಹಚ್ಚುವ ಧೈರ್ಯ ನನಗಿಲ್ಲ. ಥರ್ಡ್ ಇಯರ್‌ನಲ್ಲಿ ನನಗೂ ಇತ್ತು ಬಿಡಿ.

ಶಿಲುಬೆ ಮೇಲೆ ಮೂರ್ಛೆ ಎಂಬ ವಾದ ಇನ್ನೂ ಹಳೆಯದು. ಬದುಕುಳಿಯುವುದು ಅಸಾಧ್ಯ ಅಂತೇನಿಲ್ಲ. ಮೊದಲನೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ತನ್ನ ಮೂವರು ಪರಿಚಯದವರನ್ನು ಶಿಲುಬೆಯಿಂದ ಇಳಿಸಿಸಿದ ಬಗ್ಗೆ ಬರೆದಿದ್ದಾನೆ. ವೈದ್ಯರು ಆರೈಕೆ ಮಾಡಿದರೂ ಇಬ್ಬರು ಸತ್ತರು, ಒಬ್ಬ ಉಳಿದ. ಅಂದರೆ ಬದುಕಿರುವಾಗಲೇ ಇಳಿಸಿ, ಚಿಕಿತ್ಸೆ ಕೊಟ್ಟರೂ ಮೂವರಲ್ಲಿ ಒಬ್ಬ. ಯೇಸುವಿಗೆ ಮೊದಲೇ ಚಾಟಿ ಏಟು, ಆಮೇಲೆ ಪಕ್ಕೆಗೆ ಈಟಿ, ಚಿಕಿತ್ಸೆ ಇಲ್ಲ, ಕಲ್ಲಿನ ಸಮಾಧಿ. 1986ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಮೇಯೋ ಕ್ಲಿನಿಕ್ ಆಸ್ಪತ್ರೆಯ ಒಬ್ಬ ವೈದ್ಯ ಸೇರಿ ಮೂವರು ಇದನ್ನೆಲ್ಲ ಪರಿಶೀಲಿಸಿ, ಈಟಿ ತಿವಿಯುವ ಮೊದಲೇ ಸಾವು ಆಗಿತ್ತು ಎಂಬ ತೀರ್ಮಾನಕ್ಕೆ ಬಂದರು. ಅವರು ಸುವಾರ್ತೆಯ, ಅಂದರೆ ಬೈಬಲಿನಲ್ಲಿರುವ ಯೇಸುವಿನ ಕಥೆಯ, ವಿವರ ಸರಿ ಎಂದು ಒಪ್ಪಿಕೊಂಡೇ ಶುರು ಮಾಡಿದರು, ಅದು ಆ ಲೇಖನದ ಮಿತಿ. ಆದರೆ ಈ ವಾದಕ್ಕೆ ಚೆನ್ನಾಗಿ ಪೆಟ್ಟು ಕೊಟ್ಟವನು ಭಕ್ತನೇ ಅಲ್ಲ. 19ನೇ ಶತಮಾನದ ಜರ್ಮನ್ ವಿದ್ವಾಂಸ ಡೇವಿಡ್ ಸ್ಟ್ರೌಸ್ ಪವಾಡಗಳನ್ನು ನಂಬದವನು. ಅರ್ಧ ಸತ್ತು, ತೆವಳಿಕೊಂಡು ಬಂದು, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಳ್ಳುವ ಒಬ್ಬ ಮನುಷ್ಯನನ್ನು ನೋಡಿ ಶಿಷ್ಯರಿಗೆ ‘ಈತ ಸಾವನ್ನು ಗೆದ್ದ’ ಅನ್ನಿಸುತ್ತಿತ್ತೇ ಅಂತ ಕೇಳಿದ. ಪುನರುತ್ಥಾನ, ಅಂದರೆ ಸತ್ತ ಯೇಸು ಮತ್ತೆ ಜೀವಂತ ಎದ್ದಿದ್ದು, ಆಯಿತೋ ಇಲ್ಲವೋ ಅನ್ನುವುದು ನರವೈದ್ಯ ತೀರಿಸುವ ಪ್ರಶ್ನೆ ಅಲ್ಲ. ಮೂರ್ಛೆ ಅನ್ನುವುದು ಮಾತ್ರ ಒಳ್ಳೆಯ ವೈದ್ಯಕೀಯ ಉತ್ತರ ಅಲ್ಲ.

ಮೈದುನ ಕೇಳದೇ ಬಿಟ್ಟ ಒಂದು ಜಾಗ ಇದೆ. ಅದು ನನ್ನನ್ನು ಇಷ್ಟು ವರ್ಷ ಕಾಡಿದೆ. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ. ಒಬ್ಬ ತಂದೆ ಮಗನನ್ನು ಕರೆತರುತ್ತಾನೆ. ಹುಡುಗ ಬೀಳುತ್ತಾನೆ, ಬಾಯಲ್ಲಿ ನೊರೆ, ಹಲ್ಲು ಕಡಿಯುತ್ತಾನೆ, ಮೈ ಸೆಟೆದುಕೊಳ್ಳುತ್ತದೆ. ‘ಎಷ್ಟು ದಿನದಿಂದ ಹೀಗಿದೆ?’ ಎಂದು ಯೇಸು ಕೇಳುತ್ತಾನೆ. ಓಪಿಡಿಯಲ್ಲಿ ನಾನು ಕೇಳುವ ಪ್ರಶ್ನೆಯೇ ಅದು. ‘ಚಿಕ್ಕಂದಿನಿಂದ’ ಅನ್ನುತ್ತಾನೆ ತಂದೆ, ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ ಎನ್ನುತ್ತಾನೆ. ಚಳ್ಳಕೆರೆ ಕಡೆಯ ಅಪ್ಪಂದಿರು ನನಗೆ ಹೇಳುವುದೂ ಇದನ್ನೇ. ಒಲೆಗೆ ಬಿದ್ದು ಬೆರಳು ಅಂಟಿಹೋದ ಹೆಣ್ಣುಮಕ್ಕಳ ಕೈ ನೋಡಿದ್ದೇನೆ. ಭದ್ರಾ ನಾಲೆಯಲ್ಲಿ ಈಜಲು ಹೋಗಿ ತೇಲಿದ ಹುಡುಗನ ಶವ ನೋಡಿದ್ದೇನೆ. ಪೌಲನ ಬಗ್ಗೆ ಹೇಳಿದ ಎಚ್ಚರ ಇಲ್ಲೂ ಇರಲಿ, ಆದರೂ ಮಾರ್ಕ ಹೇಳುವ ಹುಡುಗನದು ಫಿಟ್ಸ್ ಎಂದೇ ನನಗೆ ಅನ್ನಿಸುತ್ತದೆ. ಸುವಾರ್ತೆಯಲ್ಲಿ ಮಾತ್ರ ಇದನ್ನು ದೆವ್ವ ಎನ್ನಲಾಗಿದೆ.

ಸಂದೇಹವಾದಿಗಳು ಇಲ್ಲೇ ಹಿಡಿಯುತ್ತಾರೆ, ಹಿಡಿಯಬೇಕಾದ್ದೇ. ಯಾಕೆಂದರೆ ಈ ಸಾಲು ಹಿಡಿದುಕೊಂಡು ಇವತ್ತಿಗೂ ಫಿಟ್ಸ್ ಇರುವ ಮಕ್ಕಳಿಗೆ ‘ದೆವ್ವ ಬಿಡಿಸುವ’ ಹೊಡೆತ ಬೀಳುತ್ತದೆ. ಯೇಸುವಿಗಿಂತ ನಾನೂರು ವರ್ಷ ಮೊದಲೇ ಗ್ರೀಕ್ ವೈದ್ಯರು ಇದು ಬೇರೆ ಕಾಯಿಲೆಗಳಂತೆಯೇ ಒಂದು ಕಾಯಿಲೆ, ಮೆದುಳಿನಿಂದ ಬರುವಂಥದ್ದು ಎಂದು ಬರೆದಿದ್ದರು. ಕ್ರೈಸ್ತನಾಗಿ ನನ್ನ ಉತ್ತರ ಇಷ್ಟು: ಆ ಕಾಲದ ಅಪ್ಪನಿಗೆ ಅದಕ್ಕಿದ್ದ ಹೆಸರು ಅದೊಂದೇ. ಅವನಿಗೆ ಅರ್ಥವಾಗುವ ಮಾತಲ್ಲೇ ಅವನ ಮಗನನ್ನು ಮುಟ್ಟಲಾಯಿತು. ಹೆಸರು ಬದಲಾದರೆ ಆ ಅಪ್ಪನ ಕಷ್ಟ ಬದಲಾಗುವುದಿಲ್ಲ. ಈ ಉತ್ತರ ಎಲ್ಲರಿಗೂ ಸಾಕಾಗುವುದಿಲ್ಲ, ಗೊತ್ತು. ನನ್ನ ಪಾದ್ರಿ ಮಿತ್ರರೊಬ್ಬರು ಇದಕ್ಕೆ ಬೇರೆಯೇ ಹೇಳುತ್ತಾರೆ, ನಾವಿಬ್ಬರೂ ಬೆಣ್ಣೆ ದೋಸೆ ಮುಂದೆ ಇಟ್ಟುಕೊಂಡು ಎಷ್ಟೋ ಸಲ ಜಗಳ ಆಡಿದ್ದೇವೆ. ದೋಸೆ ಆರಿದೆ, ಜಗಳ ಮುಗಿದಿಲ್ಲ.

ಅತ್ತೆಯವರಿಗೆ ಹೇಳಲು ನಿಮಗೆ ಒಂದು ಸಂಗತಿ ಕೊಡುತ್ತೇನೆ. ಕುಷ್ಠರೋಗಿಯನ್ನು ವಾಸಿ ಮಾಡಿದ ಮೇಲೆ ಯೇಸು ‘ಹೋಗಿ ಯಾಜಕನಿಗೆ ತೋರಿಸು’ ಅನ್ನುತ್ತಾನೆ. ಆಗ ಚರ್ಮ ನೋಡಿ ವಾಸಿಯಾಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಇದ್ದಿದ್ದು ಯಾಜಕನಿಗೆ. ಬೈಬಲಿನ ಯಾಜಕಕಾಂಡದಲ್ಲಿ ಅದರ ವಿಧಾನವೇ ಇದೆ: ಏಳು ದಿನ ಬೇರೆ ಇಡು, ಮತ್ತೆ ನೋಡು. ಪರೀಕ್ಷೆ ಮಾಡಿಸುವುದು ಅಪನಂಬಿಕೆ ಆಗಿದ್ದರೆ ಹಾಗೆ ಹೇಳುತ್ತಿರಲಿಲ್ಲ ಅಲ್ವಾ? ಪೌಲ ತನ್ನ ದೇಹದ ಮುಳ್ಳು ತೆಗೆ ಎಂದು ಮೂರು ಸಲ ಬೇಡಿಕೊಂಡ, ಹೋಗಲಿಲ್ಲ. ತನ್ನ ಶಿಷ್ಯ ತಿಮೊಥೆಗೆ ಹೊಟ್ಟೆ ನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂದು ಬರೆದ. ಜೊತೆಗಾರ ತ್ರೊಫಿಮನನ್ನು ಕಾಯಿಲೆ ಬಿದ್ದಿದ್ದಕ್ಕೆ ಮಿಲೇತ ಎಂಬ ಊರಲ್ಲಿ ಬಿಟ್ಟು ಬಂದ. ಇವರಲ್ಲಿ ಯಾರಿಗೂ ‘ನಿನಗೆ ನಂಬಿಕೆ ಸಾಲದು’ ಎಂದು ಯಾರೂ ಹೇಳಿದ್ದು ನನಗೆ ಕಾಣಲಿಲ್ಲ.

ಕಥೋಲಿಕ ಸಭೆಯಲ್ಲಂತೂ ಇದಕ್ಕೊಂದು ಅಳತೆಗೋಲೇ ಇದೆ. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಬರ್ನದೆತ್ ಎಂಬ ಹುಡುಗಿಗೆ ಮರಿಯಮ್ಮನ ದರ್ಶನ ಆಯಿತು ಎನ್ನುತ್ತಾರೆ. ಅಲ್ಲಿ 1883ರಿಂದಲೂ ಡಾಕ್ಟರುಗಳ ಒಂದು ಕಚೇರಿ ಇದೆ. ವಾಸಿಯಾಯಿತು ಎಂದು ಬಂದವರು 7,000ಕ್ಕೂ ಜಾಸ್ತಿ. ಸಭೆ ಪವಾಡ ಎಂದು ಒಪ್ಪಿದ್ದು 70ರ ಆಸುಪಾಸು. 18ನೇ ಶತಮಾನದಲ್ಲಿ ಕಾರ್ಡಿನಲ್ ಲ್ಯಾಂಬರ್ಟಿನಿ ಹಾಕಿಕೊಟ್ಟ ನಿಯಮಗಳು ಅಷ್ಟು ಬಿಗಿ: ಕಾಯಿಲೆ ಗಂಭೀರವಾಗಿರಬೇಕು, ತಾನಾಗಿ ಹೋಗುವಂಥದ್ದಾಗಿರಬಾರದು, ಔಷಧಿಯಿಂದ ವಾಸಿಯಾಗಿರಬಾರದು, ದಿಢೀರನೆ, ಪೂರ್ತಿಯಾಗಿ ಹೋಗಿರಬೇಕು, ಮತ್ತೆ ಬರಬಾರದು. ನಿಮ್ಮ ಮಗನ ಫೈಲ್ ಅಲ್ಲಿಗೆ ಕಳಿಸಿದರೆ ಎರಡನೇ ನಿಯಮದಲ್ಲೇ ವಾಪಸ್ ಬರುತ್ತದೆ. ವಾಪಸ್ ಕಳಿಸುವವರು ನಾಸ್ತಿಕರಲ್ಲ. ಇನ್ನು ಆ ಬರ್ನದೆತ್? ಆಕೆಗೆ ಉಬ್ಬಸ. ಕೊನೆಗೆ ಕ್ಷಯದಿಂದ 35ನೇ ವಯಸ್ಸಿಗೆ ತೀರಿಕೊಂಡಳು.

ಆ 70ರ ಬಗ್ಗೆ ನೀವೇನು ಹೇಳುತ್ತೀರಿ ಎಂದು ಮೈದುನ ಕೇಳಬಹುದು. ಕ್ಯಾನ್ಸರ್ ಕೂಡ ಅಪರೂಪಕ್ಕೆ ತಾನಾಗಿ ಕರಗುತ್ತದೆ. 1890ರ ದಶಕದಲ್ಲಿ ವಿಲಿಯಂ ಕೋಲಿ ಎಂಬ ಅಮೆರಿಕದ ಸರ್ಜನ್, ಚರ್ಮಕ್ಕೆ ಜೋರು ಸೋಂಕು ತಗುಲಿ ಜ್ವರ ಬಂದ ಮೇಲೆ ಗಡ್ಡೆ ಕರಗಿದ್ದನ್ನು ಗಮನಿಸಿ, ಅದನ್ನೇ ಚಿಕಿತ್ಸೆ ಮಾಡಲು ಹೊರಟ. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎಬ್ಬಿಸುವ ಇವತ್ತಿನ ಇಮ್ಯುನೋಥೆರಪಿಗೆ ಅವನನ್ನು ಅಜ್ಜ ಎನ್ನುತ್ತಾರೆ. ಹಾಗಾಗಿ ‘ವಿವರಣೆ ಇಲ್ಲ’ ಎಂದರೆ ‘ಇವತ್ತಿಗೆ ಇಲ್ಲ’ ಅಂತ ಅಷ್ಟೇ. ಅದರಾಚೆ ಅದು ದೇವರೇ ಎಂದಾಗಲಿ, ದೇವರಲ್ಲ ಎಂದಾಗಲಿ ಹೇಳುವ ಯಂತ್ರ ನನ್ನ ಕ್ಲಿನಿಕ್ಕಿನಲ್ಲಿಲ್ಲ. ಪವಾಡ ಪ್ರಕೃತಿಗೆ ವಿರುದ್ಧ ಅಲ್ಲ, ಪ್ರಕೃತಿ ಬಗ್ಗೆ ನಮಗೆ ಗೊತ್ತಿರುವುದಕ್ಕೆ ವಿರುದ್ಧ ಅಷ್ಟೇ ಎಂಬ ಅರ್ಥದ ಮಾತನ್ನು ಸಂತ ಅಗಸ್ಟೀನನೇ ಸಾವಿರದಾರುನೂರು ವರ್ಷದ ಹಿಂದೆ ಬರೆದಿದ್ದಾನೆ.

ಪ್ರಾರ್ಥನೆಯನ್ನೇ ಪರೀಕ್ಷೆಗೆ ಒಡ್ಡಿದ್ದೂ ಇದೆ. 2006ರಲ್ಲಿ ಅಮೆರಿಕದಲ್ಲಿ ಬೈಪಾಸ್ ಆಪರೇಷನ್ನಿನ 1,802 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಬೇರೆಯವರು ಪ್ರಾರ್ಥಿಸಿದ್ದರಿಂದ ಯಾವ ಲಾಭವೂ ಕಾಣಲಿಲ್ಲ. ‘ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ’ ಎಂದು ಗೊತ್ತಿದ್ದವರಲ್ಲೇ ತೊಡಕು ತುಸು ಜಾಸ್ತಿ, 59 ಪರ್ಸೆಂಟ್. ಉಳಿದವರಲ್ಲಿ 51, 52. ‘ನನಗೆ ಅಷ್ಟು ಸೀರಿಯಸ್ಸಾ?’ ಅಂತ ಹೆದರಿಕೊಂಡರೇನೋ ಎಂದು ಕೆಲವರು ಊಹಿಸುತ್ತಾರೆ. ನನಗಂತೂ ಇದರಿಂದ ನಂಬಿಕೆ ಅಲ್ಲಾಡಲಿಲ್ಲ. ಪ್ರಾರ್ಥನೆಯನ್ನು ಗ್ಲೂಕೋಸ್ ಬಾಟಲಿಯಂತೆ ಹನಿ ಲೆಕ್ಕದಲ್ಲಿ ಏರಿಸಬಹುದು ಎಂದು ನಾನು ಮೊದಲೂ ಅಂದುಕೊಂಡಿರಲಿಲ್ಲ.

ನನ್ನದೇ ಹೇಳುತ್ತೇನೆ. ಚಿಕ್ಕಂದಿನಲ್ಲಿ ನನಗೂ ಉಬ್ಬಸ. ಅಮ್ಮ ಹರಿಹರದ ಆರೋಗ್ಯಮಾತೆಗೆ ಹರಕೆ ಹೊತ್ತರು. ಪ್ರತಿ ವರ್ಷ ಸೆಪ್ಟೆಂಬರ್ 8ರ ಹಬ್ಬಕ್ಕೆ ನನ್ನನ್ನು ಕರೆದೊಯ್ಯುತ್ತಿದ್ದರು. ಅಲ್ಲಿಗೆ ಬರುವವರಲ್ಲಿ ಎಲ್ಲ ಜಾತಿ ಧರ್ಮದವರೂ ಇರುತ್ತಾರೆ, ನಿಮಗೂ ಗೊತ್ತು. ಹನ್ನೆರಡು ವರ್ಷಕ್ಕೆ ಉಬ್ಬಸ ಬಿಟ್ಟಿತು. ಮೆಡಿಕಲ್ ಓದುವಾಗ ಗೊತ್ತಾಯಿತು, ಮಕ್ಕಳು ದೊಡ್ಡವರಾಗುತ್ತಾ ಉಬ್ಬಸ ಬಿಟ್ಟುಹೋಗುವುದು ತೀರಾ ಸಾಮಾನ್ಯ. ರಜೆಗೆ ಬಂದವನು ದೊಡ್ಡದಾಗಿ ಅಮ್ಮನಿಗೆ ಹೇಳಿದೆ. ಅವರು ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ತಲೆ ಎತ್ತದೆ ‘ಹೋಯ್ತಲ್ಲ, ಸರಿ, ಮೇಣದಬತ್ತಿ ಹಚ್ಚಿ ಬಾ’ ಅಂದರು. ಈಗಲೂ ಹಚ್ಚುತ್ತೇನೆ. ಏನನ್ನು ವಾಸಿ ಮಾಡಿದ್ದಕ್ಕೆ ಎಂದು ಕೇಳಿದರೆ ನನ್ನ ಬಳಿ ಒಳ್ಳೆಯ ಉತ್ತರ ಇಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಏಳು ತಿಂಗಳು ಫಿಟ್ಸ್ ಬಂದಿಲ್ಲ, ಗಂಟು ಹೋಗಿದೆ ಅಂದರೆ ಅತ್ತೆಯವರ ಆಸೆ ತೀರಾ ದೂರವೇನಿಲ್ಲ. ಒಂದೇ ಗಂಟು ಇದ್ದು, ಅದು ಪೂರ್ತಿ ಹೋಗಿ, ಆರು ತಿಂಗಳು ಫಿಟ್ಸ್ ಇಲ್ಲದಿದ್ದರೆ ಮಾತ್ರೆಯನ್ನು ಇಳಿಸುವ ಬಗ್ಗೆ ಡಾಕ್ಟರು ಯೋಚಿಸಬಹುದು. ಆದರೆ ಮೊದಲು ಒಂದು ನೋಡಬೇಕು. ಕೆಲವರಲ್ಲಿ ಗಂಟು ಹೋದ ಜಾಗದಲ್ಲಿ ಸುಣ್ಣದ ಚುಕ್ಕೆ ಉಳಿಯುತ್ತದೆ. ಅದು ಇದ್ದರೆ ಫಿಟ್ಸ್ ಮರುಕಳಿಸುವ ಸಾಧ್ಯತೆ ಜಾಸ್ತಿ, ಮಾತ್ರೆ ಇನ್ನೂ ಕೆಲವು ಕಾಲ, ಎಷ್ಟೋ ಸಲ ಎರಡು ವರ್ಷದವರೆಗೂ ಬೇಕಾಗುತ್ತದೆ. ನಿಮ್ಮದು ಎರಡನೇ ಸಲ ಎಂಆರ್‌ಐ ಆಗಿದ್ದರೆ ಆ ಚುಕ್ಕೆ ಕಣ್ಣಿಗೆ ಬೀಳದೇ ಹೋಗಬಹುದು, ಸಿಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಇದನ್ನು ನಿಮ್ಮ ಡಾಕ್ಟರಲ್ಲಿ ಬಾಯಿಬಿಟ್ಟು ಕೇಳಿ. ಇಳಿಸುವುದಾದರೂ ವಾರಗಟ್ಟಲೆ, ತಿಂಗಳುಗಟ್ಟಲೆ, ಸ್ವಲ್ಪಸ್ವಲ್ಪವಾಗಿ. ಆ ಸಮಯದಲ್ಲಿ ನಾಲೆ, ಬಾವಿ, ಮರ ಹತ್ತುವುದು, ಒಬ್ಬನೇ ಸೈಕಲ್ ಬೇಡ. ನಿದ್ದೆಗೆಡಿಸಬೇಡಿ, ರಾತ್ರಿಯಿಡೀ ಜಾಗರಣೆಯ ಪ್ರಾರ್ಥನೆಗೂ ಬೇಡ.

ಕಾದರೆ ಅಪಾಯವೇನು? ಕೆಲವು ತಿಂಗಳು ಹೆಚ್ಚು ಮಾತ್ರೆ, ಸ್ವಲ್ಪ ಮಂಪರು ಅಥವಾ ಸಿಡುಕು, ಅಷ್ಟೇ. ದಿಢೀರ್ ನಿಲ್ಲಿಸಿದರೆ ಅಪಾಯವೇನೆಂದು ಮೇಲೆ ಹೇಳಿದೆ. ಎರಡನ್ನೂ ತೂಗಿ ನೋಡಿ. ಮತ್ತೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದಕೈ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಸಭೆಯವರು ಇದ್ದರೆ ಆಂಬುಲೆನ್ಸಿನಲ್ಲೇ ಪ್ರಾರ್ಥಿಸಲಿ.

ಇನ್ನೊಂದು ಎಚ್ಚರಿಕೆ, ನಿಮ್ಮ ಮಗನಿಗಿಂತ ಹೆಚ್ಚಾಗಿ ನಿಮ್ಮ ಸಾಕ್ಷಿ ಕೇಳುವವರಿಗೆ. ಸ್ಕ್ಯಾನ್‌ನಲ್ಲಿ ಇದೇ ರೀತಿ ಕಾಣುವ ಉಂಗುರ ಬೇರೆಯವರ ಮಗುವಿನಲ್ಲಿ ಟಿಬಿ ಆಗಿರಬಹುದು. ಅದು ಕಾದರೆ ಹೋಗುವುದಿಲ್ಲ, ಬೆಳೆಯುತ್ತದೆ. ‘ನಮ್ಮ ಮಗುವಿಗೆ ಪ್ರಾರ್ಥನೆಯಲ್ಲೇ ಗಡ್ಡೆ ಹೋಯ್ತು’ ಎಂದು ನೀವು ಹೇಳಿದ್ದನ್ನು ಹಿಂದಿನ ಬೆಂಚಿನಲ್ಲಿ ಕೂತ ಇನ್ನೊಬ್ಬ ತಾಯಿ ಕೇಳಿಸಿಕೊಳ್ಳುತ್ತಾಳೆ. ಅವಳ ಮಗನ ಫಿಲ್ಮ್ ನೀವು ನೋಡಿಲ್ಲ.

ಹಾಗಾದರೆ ಸಾಕ್ಷಿ ಹೇಳಬೇಡವೇ? ಹೇಳಿ. ಆಗಿದ್ದನ್ನು ಆದ ಹಾಗೆ ಹೇಳಿ. ‘ಮಗನಿಗೆ ಫಿಟ್ಸ್ ಬಂತು. ಹೆದರಿದೆವು. ನೀವೆಲ್ಲ ಪ್ರಾರ್ಥಿಸಿದಿರಿ, ರಾತ್ರಿ ನಿದ್ದೆ ಬಂತು. ಡಾಕ್ಟರು ಔಷಧಿ ಕೊಟ್ಟರು. ಈಗ ಗಂಟು ಹೋಗಿದೆ, ಮಾತ್ರೆ ಇನ್ನೂ ಕೊಡುತ್ತಿದ್ದೇನೆ. ದೇವರಿಗೆ ಸ್ತೋತ್ರ.’ ಇದರಲ್ಲಿ ಸುಳ್ಳು ಒಂದಕ್ಷರ ಇಲ್ಲ. ಮೈದುನನೂ ತಗಾದೆ ತೆಗೆಯುವಂತಿಲ್ಲ. ಮಾತ್ರೆಯ ಸಾಲನ್ನು ಮಾತ್ರ ಬಿಡಬೇಡಿ. ಪಾಸ್ಟರ್ ಬೇಡ ಎಂದರೆ ಅವತ್ತಿಗೆ ಸಾಕ್ಷಿಯನ್ನೇ ಬಿಡಿ, ಮುಂದೆ ಹೇಳಿದರಾಯಿತು. ನನ್ನ ಅನುಭವದಲ್ಲಿ ಹೆಚ್ಚಿನ ಪಾಸ್ಟರ್‌ಗಳು, ಫಾದರ್‌ಗಳು ಮಾತ್ರೆ ನಿಲ್ಲಿಸಿ ಎನ್ನುವುದಿಲ್ಲ. ಮನೆಯಲ್ಲಿ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ಒಮ್ಮೆ ಅವರನ್ನೇ ನೇರವಾಗಿ ಕೇಳಿ, ಅತ್ತೆ ಎದುರಿಗೇ.

ಅತ್ತೆ ಮೇಲೆ ಸಿಟ್ಟಾಗಬೇಡಿ. ಅವತ್ತು ಬೆಳಗಿನ ಜಾವ ಮೊಮ್ಮಗನ ಬಾಯಿ ಸೊಟ್ಟಗಾಗಿದ್ದನ್ನು ಅವರೂ ನೋಡಿದ್ದಾರೆ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಹೋಗಿ. ಹಳೆಯ ಫಿಲ್ಮ್, ಹೊಸ ಫಿಲ್ಮ್ ಎರಡನ್ನೂ ಒಯ್ಯಿರಿ. ಬರೀ ರಿಪೋರ್ಟ್ ಸಾಲದು. ಲೈಟಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಉಂಗುರ ಇದ್ದ ಜಾಗ ಯಾವುದು, ಈಗ ಅಲ್ಲಿ ಏನಿದೆ ಎಂದು ಅವರಿಗೆ ತೋರಿಸಲು ಡಾಕ್ಟರನ್ನು ಕೇಳಿಕೊಳ್ಳಿ.